ಮುರುಗಲ ತುಪ್ಪದ ಮಂಜು

ಮೊನ್ನೆ ಬೆಳಿಗ್ಗೆ ನನ್ನ ಕೈಯಿಂದ ಒಂದು ಅಚಾತುರ್ಯ ನಡೆಯಿತು. ಚಳಿಗೆ ತುಟಿ ಒಡೆದಿತ್ತು. ಸೊಸೆ ಮುರುಗಲ ತುಪ್ಪದ ಉಂಡೆಯೊಂದನ್ನು ತಂದುಕೊಟ್ಟಳು. ನಮ್ಮ ಕಡೆಯವರಿಗೆ ಅದೇನೆಂದು ಹೇಳಬೇಕಾಗಿಲ್ಲ. ಬಯಲುಸೀಮೆಯವರು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ಮುರುಗಲ ಹಣ್ಣಿನ ಬೀಜ ಕುಟ್ಟಿ, ಕುದಿಸಿ ತೆಗೆದ ಕೊಬ್ಬು ಅದು. ಹೆಸರಿಗೆ ತುಪ್ಪ, ಸಾಬೂನಿನಷ್ಟು ಗಟ್ಟಿ. ಬೆರಳಿನಿಂದ ತಿಕ್ಕಿದರೆ ಆ ಶಾಖಕ್ಕೆ ಚೂರೇ ಚೂರು ಕರಗುತ್ತದೆ. ಒಡೆದ ತುಟಿಗೂ ಸೀಳಿದ ಹಿಮ್ಮಡಿಗೂ ಅದೇ ಔಷಧ. ತುಟಿಗೆ ಹಚ್ಚಿಕೊಂಡವನು ಅದೇ ಬೆರಳಿನಿಂದ ಕನ್ನಡಕ ಒರೆಸಿ ಮೂಗಿಗೇರಿಸಿದೆ. ಬಾಗಿಲಲ್ಲಿ ನಿಂತಿದ್ದ ಅಂಚೆಯವನ ತಲೆಯ ಸುತ್ತ ಬೆಳಕಿನ ಬಳೆ ಮೂಡಿತು. ದಿನವೂ ಬೀಡಿ ಸೇದುತ್ತ ಬರುವ ಮನುಷ್ಯ, ಅವತ್ತು ಮೋಡದ ಮೇಲಿಂದ ಇಳಿದವನ ಹಾಗೆ ಕಂಡ. ನಾನು ಎದ್ದು ನಿಂತು, ಎರಡೂ ಕೈಯೊಡ್ಡಿ ಕಾಗದ ಇಸಕೊಂಡೆ.

"ಅಜ್ಜಾರು ಇವತ್ತು ಬಹಳ ಮರ್ಯಾದೆ ಕೊಡ್ತಿದ್ರು" ಎಂದು ಅವನು ಸೊಸೆಯ ಹತ್ತಿರ ಹೇಳುತ್ತ ಹೋದದ್ದು ಕೇಳಿಸಿತು.

ಈಗ ಕ್ಯಾಮರಾವನ್ನು ಕೊರಳಿಗೆ ನೇತುಹಾಕಿಕೊಂಡು ತಿರುಗುವವರು ಒಮ್ಮೊಮ್ಮೆ ನನ್ನ ಹತ್ತಿರ ಬಂದು ಕೂರುತ್ತಾರೆ. ಹಳೇ ಕಾಲದ ಫೋಟೋದಲ್ಲಿ ಆ ಮೆತ್ತಗಿನ ಮಂಜು ಬರುತ್ತಿತ್ತಲ್ಲ, ಅದು ಹೇಗೆ ಎಂದು ಕೇಳುತ್ತಾರೆ. ಅವರ ಹತ್ತಿರ ಜಪಾನಿನ ಲೆನ್ಸಿದೆ, ಬೆಳಕು ಅಳೆಯುವ ಯಂತ್ರವಿದೆ, ಮಂಜೊಂದಿಲ್ಲ. ನಾನು ನಕ್ಕು ಎಲೆ ಅಡಿಕೆ ತಟ್ಟೆ ಮುಂದೆ ತಳ್ಳುತ್ತೇನೆ. ಕಷ್ಟಪಟ್ಟು ಕಲಿತದ್ದನ್ನು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತಿನಲ್ಲಿ ಹೇಳಿಬಿಡುವುದು ಹೇಗೆ? ಆ ಗುಟ್ಟನ್ನು ನಾನು ಈ ಜನ್ಮದಲ್ಲಿ ಒಂದೇ ಸಲ, ಒಂದೇ ಮನೆಯ ಜಗಲಿಯಲ್ಲಿ, ಬೇರೆ ದಾರಿಯಿಲ್ಲದೆ ಬಾಯಿಬಿಟ್ಟವನು. ಇದು ಎರಡನೆಯ ಸಲ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ಕಾರಣವೂ ಇದೆ. ಲೆಕ್ಕ ತಪ್ಪಿತೆಂದು ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದರು. ಆ ಬೆಂಚು ನಮ್ಮಪ್ಪ ಮಾಡಿದ್ದು. ನಮ್ಮದು ಮರಗೆಲಸದ ಮನೆ. ಮೇಲೆ ನಿಂತಾಗ ಅದರ ಒಂದು ಕಾಲು ಅಲ್ಲಾಡುವುದು ಗೊತ್ತಾಯಿತು. ಇಳಿದು, ಹೊರಗಿನಿಂದ ಒಂದು ಕಲ್ಲು ತಂದು, ಬೆಣೆ ಹೊಡೆಯಲು ಕೂತೆ. "ಇಳಿ ಅಂತ ನಿನಗೆ ಹೇಳಿದ್ದು ಯಾರು?" ಎಂದರು ಮಾಸ್ತರರು. "ಬೆಂಚು" ಎಂದೆ. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು. ಬೆಂಚು ಮಾತ್ರ ಆಮೇಲೆ ಬಹಳ ವರ್ಷ ಅಲ್ಲಾಡಲಿಲ್ಲ ಎಂದು ಕೇಳಿದ್ದೇನೆ.

ಅಪ್ಪನ ಹಾಗೆ ಬಾಗಿಲು ಕಿಟಕಿ ಮಾಡಿಕೊಂಡು ಇರುತ್ತಿದ್ದೆನೋ ಏನೋ. ಊರೂರು ತಿರುಗುವ ಫೋಟೋದವರೊಬ್ಬರು ಶಿರಸಿಗೆ ಬಂದಾಗ ಅವರ ಮೂರು ಕಾಲಿನ ಸ್ಟ್ಯಾಂಡಿನ ಒಂದು ಕಾಲು ಮುರಿಯಿತು. ಕಾಲು ನಾನು ಮಾಡಿಕೊಟ್ಟೆ. ಆ ಕಾಲಿನ ಹಿಂದೆಯೇ ನಾನೂ ಹೊರಟೆ. ಎರಡು ವರ್ಷ ಅವರ ಪೆಟ್ಟಿಗೆ ಹೊತ್ತು, ಕೈಗೆ ಫೋಟೋ ತೊಳೆಯುವ ಔಷಧದ ಕಪ್ಪು ಹಿಡಿಸಿಕೊಂಡು ವಾಪಸು ಬಂದು, ಬೀಟೆ ಮರದಲ್ಲಿ ನನ್ನದೇ ಕ್ಯಾಮರಾ ಮಾಡಿದೆ. ಮುಂಬೈಯಿಂದ ತರಿಸಿದ ಲೆನ್ಸು ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಈ ಕೈಯದು. ಮನೆಯ ಹಿಂದೆ ಒಂದು ಕೋಣೆ ಕಟ್ಟಿ, ಮಾಡಿಗೆ ಗಾಜಿನ ಹಂಚು ಹೊದಿಸಿದೆ. ಜನ ನನ್ನನ್ನು ಪಟದ ಆಚಾರಿ ಎಂದು ಕರೆಯತೊಡಗಿದರು. ಓದಿದವರಿಗೆ ಸರಕಾರ ಹೆಸರು ಕೊಡುತ್ತದೆ, ನನಗೆ ಪೇಟೆ ಕೊಟ್ಟಿತು.

ಆ ಕಾಲದ ಗಿರಾಕಿಗಳಿಗೆ ಫೋಟೋದಲ್ಲಿ ಎಲ್ಲವೂ ಕಾಣಬೇಕು. ಎರಡೂ ಕಿವಿ ಕಾಣಬೇಕು. ಹತ್ತು ಬೆರಳು ಎಣಿಸಲಿಕ್ಕೆ ಸಿಗಬೇಕು. ಒಂದು ಬೆರಳು ಧೋತರದ ಮಡಿಕೆಯಲ್ಲಿ ಮುಚ್ಚಿಹೋದರೆ, ನೋಡಿದವರು ಬೆರಳೇ ಇಲ್ಲವೆಂದು ತಿಳಿದಾರು ಎಂಬ ಹೆದರಿಕೆ. ಯಲ್ಲಾಪುರದ ಒಬ್ಬ ಸಾಹುಕಾರರು ಕೋಟಿನ ಗಡಿಯಾರದಲ್ಲಿ ಎಷ್ಟು ಗಂಟೆಯೆಂದು ಕಾಣುವುದಿಲ್ಲವೆಂದು ಫೋಟೋ ವಾಪಸು ಕೊಟ್ಟಿದ್ದರು. ಎರಡನೆಯ ಸಲ ಗಂಟೆಯೇನೋ ಕಂಡಿತು. ಗಡಿಯಾರ ನಿಂತಿರುವುದೂ ಕಂಡಿತು. ಹೀಗಾಗಿ ಸ್ಪಷ್ಟ ಎಂಬುದೇ ನನ್ನ ದೇವರಾಗಿತ್ತು. ನನ್ನ ಫೋಟೋದಲ್ಲಿ ಮೀಸೆಯ ಕೂದಲು ಬಿಡಿಬಿಡಿಯಾಗಿ ಕಾಣುತ್ತವೆ ಎಂದು ಸಿದ್ದಾಪುರದವರೆಗೂ ಮಾತಿತ್ತು.

ಆ ಸ್ಪಷ್ಟವೇ ಒಬ್ಬರ ಮದುವೆಗೆ ಅಡ್ಡ ಬಂತು.

ಅವರು ಮಾಬ್ಲ ಭಟ್ಟರು. ಸಿದ್ದಾಪುರದ ಹತ್ತಿರದವರು, ಮದುವೆ ಮುಂಜಿಗಳಿಗೆ ಅಡುಗೆ ಮಾಡುವವರು. ಮೂರು ತಾಲೂಕಿನಲ್ಲಿ ಅವರು ಉಣ್ಣಿಸದ ಮದುವೆ ಕಡಿಮೆ. ವಯಸ್ಸು ಮೂವತ್ತೇಳಾದರೂ ಊರವರ ಬಾಯಲ್ಲಿ ಇನ್ನೂ 'ಮಾಣಿ'ಯೇ. ಮದುವೆಯಾಗದವನಿಗೆ ನಮ್ಮ ಕಡೆ ವಯಸ್ಸಾಗುವುದಿಲ್ಲ. ಎಲ್ಲರ ಮದುವೆಗೂ ಎರಡು ದಿನ ಮುಂಚೆ ಹೋಗಿ ಇರುತ್ತಿದ್ದ ಮನುಷ್ಯನಿಗೆ ತನ್ನ ಮದುವೆಗೆ ಹೋಗಲು ಆಗಿರಲಿಲ್ಲ. ಬಾಣಲೆಯ ಎದುರು ಇಪ್ಪತ್ತು ವರ್ಷ ನಿಂತ ಮುಖ ಅದು. ಎಣ್ಣೆ ಸಿಡಿದು ಕೆನ್ನೆಯ ಮೇಲೆ ಹೊಂಡ, ಕುತ್ತಿಗೆಯ ಮೇಲೆ ಉದ್ದಕ್ಕೆ ಸುಟ್ಟ ಗಾಯದ ಕಲೆ, ಹೊಗೆಗೆ ಕೆಂಪಾದ ಕಣ್ಣು.

ಒಂದು ಮಧ್ಯಾಹ್ನ ಬಂದವರು ಚೀಲದಿಂದ ಒಂದು ಬಯಸ್ಕೋಪಿನ ಪುಸ್ತಿಕೆ ತೆಗೆದು, ಒಳಗಿನ ಚಿತ್ರ ತೋರಿಸಿದರು. ಯಾರೋ ನಟಿ. ಮುಖ ಬೆಳಗಿನ ಮಂಜಿನಲ್ಲಿ ಕಂಡ ಚಂದ್ರನ ಹಾಗಿತ್ತು. ಎಲ್ಲಿ ಕೆನ್ನೆ ಮುಗಿದು ಎಲ್ಲಿ ಗಾಳಿ ಶುರುವಾಗಿದೆ ಎಂದು ಹೇಳುವಂತಿರಲಿಲ್ಲ.

"ಇವಳ ಮೋರೆ ಮೇಲೆ ಎಂತೋ ಮಂಜಿನ ಹಂಗೆ ಬಿದ್ದಿದ್ದಲ ಆಚಾರಿ, ಅದು ನಂಗೂ ಬೇಕು" ಎಂದರು.

"ಭಟ್ಟರೇ, ಇದು ಕ್ಯಾಮರಾ ಸರಿ ಕೂಡಿಸಲಿಕ್ಕೆ ಬಾರದವರು ತೆಗೆದದ್ದು. ತಪ್ಪು ಫೋಟೋ."

"ತಪ್ಪೇ ಮಾಡು ಮಾರಾಯ. ಸರಿ ಫೋಟೋ ನೀನು ಎರಡು ಸಲ ತೆಗೆದಾತು. ಎರಡು ಕಡೆ ಕಳಿಸಿದೆ. ಎರಡು ಕಡೆಯವರೂ ಮೋರೆ ಮೇಲಿನ ಹೊಂಡ ಎಣಿಸಿ ವಾಪಸು ಕಳಿಸಿದ. ಒಂದು ಮನೆಯವರು ಲೆಕ್ಕವನ್ನೂ ಬರೆದಿದ್ದ."

ಅವರು ಪುಸ್ತಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿದರು.

"ಈ ಸಲ ಉಮ್ಮಚಗಿ ಕಡೆ ಸಂಬಂಧ. ಜಾತಕ ಕೂಡಿದ್ದು. ಪಟ ಕಳಿಸಿ ಅಂದಿದ್ದ. ಇದೂ ವಾಪಸು ಬಂತು ಅಂದ್ರೆ ಮತ್ತೆ ಯಾರನ್ನೂ ಕೇಳದಿಲ್ಲೆ. ಹಂಡೆ ತೊಳೆದುಕೊಂಡು ಇದ್ದುಬಿಡ್ತೆ."

ಇಲ್ಲ ಎನ್ನುವುದು ನನ್ನ ಸ್ವಭಾವವಲ್ಲ. ಗೊತ್ತಿಲ್ಲ ಎನ್ನುವುದಂತೂ ಅಲ್ಲವೇ ಅಲ್ಲ. "ಎಂಟು ದಿನ ಬಿಟ್ಟು ಬನ್ನಿ" ಎಂದೆ.

ಎಂಟು ದಿನ ನಾನು ಪಟ್ಟ ಪಾಡು ಕೇಳಿ. ಗಾಜಿನ ಪ್ಲೇಟುಗಳ ಕಾಲ ಮುಗಿದು ಆಗಷ್ಟೇ ಹಾಳೆಯಂಥ ಕಟ್ ಫಿಲ್ಮು ಬಂದಿತ್ತು. ಫಿಲ್ಮು ಹಾಳು ಮಾಡುವಂತಿಲ್ಲ. ಆದ್ದರಿಂದ ಒಂದು ದೊಡ್ಡ ಮೊಗೆಕಾಯಿಗೆ, ಅಂದರೆ ಹುಳಿಗೆ ಹಾಕುವ ಸೌತೆಗೆ, ಇದ್ದಿಲಿನಿಂದ ಕಣ್ಣು ಮೂಗು ಬರೆದು, ನನ್ನ ಟೋಪಿ ಹಾಕಿ, ಗಿರಾಕಿಗಳ ಕುರ್ಚಿಯ ಮೇಲೆ ಕೂಡಿಸಿದೆ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಕ್ಯಾಮರಾದ ಹಿಂದಿನ ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಆ ಮೊಗೆಕಾಯಿಯನ್ನು ನೋಡುತ್ತ ದಿನ ಕಳೆದೆ.

ಮೊದಲು ಲೆನ್ಸಿನ ಮೇಲೆ ಉಸಿರು ಬಿಟ್ಟೆ. ಮಂಜು ಬಂತು, ಆದರೆ ನಾನು ಬಟ್ಟೆಯೊಳಗೆ ಹೋಗುವಷ್ಟರಲ್ಲಿ ಹೋಯಿತು. ಮಾವನವರು ಹಬ್ಬಕ್ಕೆ ಕೊಟ್ಟಿದ್ದ ನಯವಾದ ಉಪರಣೆಯ ತುದಿ ಕತ್ತರಿಸಿ ಲೆನ್ಸಿಗೆ ಕಟ್ಟಿದೆ. ಮೊಗೆಕಾಯಿಯ ಮುಖದ ತುಂಬ ನೇಯ್ಗೆ ಬಿದ್ದು, ಚಾಪೆಯ ಮೇಲೆ ಕವುಚಿ ಮಲಗಿ ಎದ್ದವನ ಕೆನ್ನೆಯಂತಾಯಿತು. ಆಮೇಲೆ ಒಂದು ಬುದ್ಧಿ ಹೊಳೆಯಿತು. ಹಳೆಯ ಪ್ಲೇಟೊಂದನ್ನು ಬಿಸಿನೀರಿನಲ್ಲಿ ತೊಳೆದು ಬರೀ ಗಾಜು ಮಾಡಿಕೊಂಡೆ. ಲೆನ್ಸಿನ ಮುಂದೆ ಅದು ಕೂರುವ ಹಾಗೆ ಕಟ್ಟಿಗೆಯ ಚೌಕಟ್ಟು ಮಾಡಿದೆ. ಲೆನ್ಸಿಗೆ ಕೈ ತಾಗಬಾರದು, ಏನು ಬಳಿದರೂ ಈ ಗಾಜಿಗೇ ಬಳಿಯಬೇಕು. ಇಷ್ಟು ತಿಳಿಯುವುದಕ್ಕೆ ಶಾಲೆ ಬೇಕಾಗಲಿಲ್ಲ.

ಏನು ಬಳಿಯಬೇಕು ಎಂಬುದು ತಿಳಿಯಲಿಲ್ಲ. ಕೊಬ್ಬರಿ ಎಣ್ಣೆ ಹರಿದು ಕೆಳಗಿಳಿಯಿತು. ಹಸುವಿನ ತುಪ್ಪ ಹಚ್ಚಿ, ಒಂದು ಫಿಲ್ಮು ಹೋದರೆ ಹೋಗಲಿ ಎಂದು ತೆಗೆದೇಬಿಟ್ಟೆ. ಹಂಚಿನ ಬಿಸಿಲಿಗೆ ತುಪ್ಪ ಜಾರಿ ಮೊಗೆಕಾಯಿಯ ಗದ್ದ ಎದೆಯವರೆಗೆ ಇಳಿದಿತ್ತು. ಸಾಲದ್ದಕ್ಕೆ ಗಾಜಿನ ಮೇಲೆ ಇರುವೆ ಹತ್ತಿದ್ದು ನನಗೆ ಕಂಡಿರಲಿಲ್ಲ. ಫಿಲ್ಮಿಗೆ ಅರೆಬರೆ ಕಂಡು, ಒಂದು ಕೆನ್ನೆಯ ಮೇಲೆ ಹೊಗೆಯಂಥ ಪಟ್ಟೆ ಬಿದ್ದಿತ್ತು.

ಅಷ್ಟರಲ್ಲಿ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಕುರ್ಚಿ ನೋಡಿದಳು, ಟೋಪಿ ನೋಡಿದಳು.

"ಮದುವೆಯಾಗಿ ಆರು ವರ್ಷ ಆಯ್ತು. ನನ್ನದೊಂದು ಪಟ ತೆಗೆಯೋದಕ್ಕೆ ನಿಮಗೆ ಪುರುಸೊತ್ತಾಗ್ಲಿಲ್ಲ. ಮೊಗೆಕಾಯಿಗೆ ನಾಕು ದಿನದಿಂದ ಉಪಚಾರ ನಡೀತಾ ಇದೆ."

"ಇದು ಕೆಲಸದ ವಿಚಾರ. ನಿನಗೆ ತಿಳಿಯೋದಿಲ್ಲ."

"ತಿಳಿಯೋದಿಲ್ಲ ಹೌದು. ಆದರೆ ಇವತ್ತು ಹುಳಿಗೆ ತರಕಾರಿ ಇಲ್ಲ. ಇವರದು ಮುಗಿದಿದ್ರೆ ಒಳಗೆ ಕಳಿಸಿ" ಎಂದಳು. ಹೋಗುವಾಗ ಅವಳ ಹಿಮ್ಮಡಿ ಕಣ್ಣಿಗೆ ಬಿತ್ತು. ಒಡೆದ ಹಿಮ್ಮಡಿಯ ಮೇಲೆ ಮುರುಗಲ ತುಪ್ಪ ತೆಳ್ಳಗೆ ಹೊಳೆಯುತ್ತಿತ್ತು. ಬಿಸಿಲಿನಲ್ಲಿ ಓಡಾಡಿದರೂ ಹರಿದಿರಲಿಲ್ಲ. ಸೀಳುಗಳೆಲ್ಲ ಮುಚ್ಚಿ ಹಿಮ್ಮಡಿ ಮಗುವಿನ ಕೆನ್ನೆಯ ಹಾಗೆ ಕಾಣುತ್ತಿತ್ತು. ಹೆಂಡತಿಯ ಕಾಲು ನೋಡಿ ವಿದ್ಯೆ ಕಲಿತೆ ಎಂದು ಬರೆಯಲು ಈಗ ನಾಚಿಕೆಯಿಲ್ಲ. ಅವತ್ತು ಅವಳಿಗೆ ಹೇಳಲಿಲ್ಲ.

ಕೆಲಸದ ರೀತಿ ಹೀಗೆ. ಉಂಡೆಯನ್ನು ಬೆರಳ ತುದಿಯಿಂದ ತಿಕ್ಕಿ, ಬೆರಳಿಗೆ ಹತ್ತಿದ್ದನ್ನು ಗಾಜಿನ ಅಂಚಿನಿಂದ ಸುತ್ತ ಸುತ್ತ ಸವರುತ್ತ ಬರಬೇಕು. ನಡುವೆ ಕಾಸಿನಗಲ ಬಿಡಬೇಕು, ಗಿರಾಕಿಯ ಕಣ್ಣು ಅಲ್ಲಿ ಕೂರುತ್ತದೆ. ಹೆಚ್ಚಾದರೆ ಗಂಜಿ, ಕಡಿಮೆಯಾದರೆ ವ್ಯರ್ಥ. ಬೆಳಕು ಹಿಂದಿನಿಂದ ಬರಬೇಕು; ಆಗ ಬೆಳ್ಳಗಿದ್ದದ್ದೆಲ್ಲ ಅರಳಿ ಪಕ್ಕಕ್ಕೆ ಚೆಲ್ಲುತ್ತದೆ. ಇಷ್ಟೇ. ಜಪಾನಿನವರಿಗೆ ಬೇಕಾದರೆ ತಿಳಿಸಿ.

ಮಾಬ್ಲ ಭಟ್ಟರು ಬಂದರು. ಅವತ್ತಷ್ಟೇ ಕ್ಷೌರವಾಗಿತ್ತು, ತಲೆಯ ಮುಂಭಾಗ ಬೋಳಿಸಿ, ಎಣ್ಣೆ ಹಚ್ಚಿ ಮಿರುಗುತ್ತಿತ್ತು. ಜುಟ್ಟು ಹಿಂದೆ. ಕುತ್ತಿಗೆಯ ಕಲೆ ಕಾಣದ ಹಾಗೆ ಅವರ ಪೂಜೆಯ ರೇಷ್ಮೆ ಮಗುಟವನ್ನೇ ಎರಡೂ ಭುಜದ ಮೇಲೆ ಹೊದಿಸಿದೆ. ಹಿಂದೆ ಬಿಳಿ ಪರದೆ ಕಟ್ಟಿದೆ. ಅಲ್ಲಾಡಬೇಡಿ, ಒಂದು ಒಳ್ಳೆಯ ವಿಚಾರ ನೆನೆಸಿಕೊಳ್ಳಿ ಎಂದೆ. "ಕೇಸರಿಬಾತು ಹದಕ್ಕೆ ಬಂದಿದ್ದು ನೆನೆಸಿಕೊಳ್ತೆ" ಎಂದು ಕಣ್ಣು ಅರೆಮುಚ್ಚಿದರು. ಲೆನ್ಸಿನ ಟೋಪಿ ತೆಗೆದು ನಾಲ್ಕು ಎಣಿಸಿ ಮುಚ್ಚಿದೆ.

ಕಾಗದದ ಮೇಲೆ ಚಿತ್ರ ನಿಧಾನವಾಗಿ ಎದ್ದಿತು. ಹೊಂಡವಿಲ್ಲ, ಕಲೆಯಿಲ್ಲ, ಸುಕ್ಕಿಲ್ಲ. ಬೋಳುತಲೆಯ ಬೆಳಕು ಪರದೆಗೆ ಚೆಲ್ಲಿ ಸುತ್ತಲೂ ಬಳೆಯಾಗಿ ನಿಂತಿತ್ತು. ಮಾಬ್ಲ ಭಟ್ಟರು ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಇದು ಆನಾ?" ಎಂದರು. "ನೀವೇ" ಎಂದೆ. "ಹಂಗಾದ್ರೆ ನನ್ನ ಆಯಿ ಇಂಥವನ್ನ ಹೆತ್ತಿತ್ತು. ಪಾಪ, ನೋಡದೇ ಹೋತು" ಎಂದು ಮಗುಟದ ತುದಿಯಿಂದ ಕಣ್ಣೊರೆಸಿಕೊಂಡರು. ನಾನೂ ಕಣ್ಣೊರೆಸಿಕೊಂಡೆ. ಆದರೆ ಅದು ನನ್ನ ಕೆಲಸದ ಮೇಲಿನ ಹೆಮ್ಮೆಗೆ.

ಶಿರಸಿ ಯಲ್ಲಾಪುರದ ನಡುವೆ ಬಸ್ಸು ಹೊಡೆಯುತ್ತಿದ್ದ ಖಾದರ್ ಸಾಹೇಬರ ಕೈಯಲ್ಲಿ ಫೋಟೋ ಕಳಿಸಿದೆವು. ಆ ಮನೆಯ ಯಜಮಾನರು ಗಣಪತಿ ಭಟ್ಟರು; ಅವರ ಕೈಗೇ ಕೊಡಿ ಎಂದಿದ್ದೆ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಮಾಬ್ಲ ಭಟ್ಟರು ಸಂತೆಗೆ ಬಂದ ನೆವದಲ್ಲಿ ಬಂದು ಕೂತು, ಏನನ್ನೂ ಕೇಳದೆ ಎದ್ದು ಹೋಗುತ್ತಿದ್ದರು. ಮೂರನೆಯ ವಾರ ಅವರು ಹಾಗೆ ಕೂತಿದ್ದಾಗಲೇ ಖಾದರ್ ಸಾಹೇಬರು ಬಸ್ಸು ನಿಲ್ಲಿಸಿ ಒಳಗೆ ಬಂದು, ಬೆವರು ಒರೆಸಿಕೊಳ್ಳುತ್ತ ಬೆಂಚಿನ ಮೇಲೆ ಕೂತರು.

"ಆಚಾರಿ, ನಿನ್ನ ಗಿರಾಕಿ ದೇವರಾಗಿ ಹೋದರು" ಎಂದರು.

ನಮಗೆ ಅರ್ಥವಾಗಲಿಲ್ಲ.

"ಅವತ್ತು ಗಣಪತಿ ಭಟ್ಟರು ಊರಲ್ಲಿರಲಿಲ್ಲ. ಯಾವುದೋ ವೈದಿಕಕ್ಕೆ ಘಟ್ಟದ ಕೆಳಗೆ ಹೋಗಿದ್ರು. ಅವರ ತಾಯಿ ಇದ್ರು, ಮುದುಕಿ, ಕಣ್ಣು ಅಷ್ಟಕ್ಕಷ್ಟೆ. 'ಶಿರಸಿಯಿಂದ ಭಟ್ಟರ ಪಟ ಬಂದಿದೆ ಅಮ್ಮಾ, ಜೋಪಾನ' ಅಂತ ಕೈಗೆ ಕೊಟ್ಟು ಬಂದೆ. ನನಗೇನು ಗೊತ್ತು? ಆಯಮ್ಮ ಯಾವುದೋ ಮಠದ ಸ್ವಾಮಿಗಳ ಪಟ ಅಂತ ತಿಳ್ಕೊಂಡು ದೇವರ ಕೋಣೆಯಲ್ಲಿ ಇಟ್ಟಿದೆ. ದಿನಾ ಹೂವು, ಕುಂಕುಮ, ಊದಿನಕಡ್ಡಿ. ಗಣಪತಿ ಭಟ್ಟರೂ ಬಂದವರೇ ಅಡ್ಡ ಬಿದ್ದಿದ್ದಾರೆ. ಇವತ್ತು ಬಸ್ಸಿನ ಹತ್ರ ಬಂದು 'ಮಾಣಿಯ ಪಟ ಇನ್ನೂ ಬರಲಿಲ್ಲವಲ್ಲ ಸಾಹೇಬ್ರೇ' ಅಂದ್ರು. ಕೊಟ್ಟು ಮೂರು ವಾರ ಆಯ್ತಲ್ಲ ಅಂದೆ. ಆಗ ಅವರ ಮುಖ ನೋಡಬೇಕಿತ್ತು."

ಮಾಬ್ಲ ಭಟ್ಟರ ಮುಖವನ್ನು ನಾನು ನೋಡಿದೆ. ಬಾಣಲೆಯ ಎದುರಿನಲ್ಲೂ ಅಷ್ಟು ಕೆಂಪಾಗಿರಲಿಕ್ಕಿಲ್ಲ.

"ಮುದುಕಿ ಏನಂತಾರೆ?" ಎಂದು ಕೇಳಿದೆ.

"ಇಪ್ಪತ್ತು ದಿನ ಯಾರ ಕಾಲಿಗೆ ಬಿದ್ದೆನೋ ಅವನಿಗೇ ಮೊಮ್ಮಗಳನ್ನ ಕೊಡೋದು ಹೇಗೆ ಅಂತಾರೆ. ಮತ್ತೊಂದು ಅಂದ್ರು. ಮುಖ ಮುಚ್ಚಿಕೊಂಡು ಬರುವವನ ಮನಸ್ಸಿನಲ್ಲಿ ಏನಿದೆಯೋ ಅಂದ್ರು." ಸಾಹೇಬರು ಮಾಬ್ಲ ಭಟ್ಟರ ಕಡೆ ತಿರುಗಿ ದನಿ ಇಳಿಸಿದರು. "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನ ಪಕ್ಕದ ಸೀಟು ಖಾಲಿ ಇಡ್ತೀನಿ. ಬರ್ರಿ. ಪಟದ ಕೈಲಿ ಆಗದ್ದು ಮನುಷ್ಯನ ಕೈಲಿ ಆದೀತು."

"ಆನು ಹೋಗದಿಲ್ಲೆ" ಎಂದರು ಮಾಬ್ಲ ಭಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಆಚಾರಿ ಬಂದ್ರೆ ಹೋಗ್ತೆ" ಎಂದರು.

ಹೋದೆವು. ದಾರಿಯುದ್ದಕ್ಕೂ ಸಾಹೇಬರು ಎಲ್ಲೆಲ್ಲಿ ಯಾರ್ಯಾರ ಮದುವೆ ಮುರಿದು ಮತ್ತೆ ಕೂಡಿತು ಎಂಬ ಕಥೆ ಹೇಳಿ ಧೈರ್ಯ ತುಂಬಿದರು. ಮುರಿದೇ ಹೋದವುಗಳ ಮಾತೆತ್ತಲಿಲ್ಲ. ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಇದು ವಿಲಾಯತಿ ಪದ್ಧತಿ, ಇದಕ್ಕೊಂದು ಶಾಸ್ತ್ರವಿದೆ ಎಂದೆಲ್ಲ.

ಜಗಲಿಯ ಮೇಲೆ ಗಣಪತಿ ಭಟ್ಟರು ಕಂಬಳಿ ಹಾಸಿ ಕೂಡಿಸಿದರು. ಬೆಲ್ಲ ನೀರು ಬಂತು. ಅಜ್ಜಿ ಕೋಲೂರಿಕೊಂಡು ಬಂದು ಬಾಗಿಲ ಪಕ್ಕದಲ್ಲಿ ಮಣೆ ಎಳೆದು ಕೂತರು. ಅವರ ಹಿಂದೆ, ಬಾಗಿಲ ಸಂದಿಯಲ್ಲಿ ಒಂದು ಸೀರೆಯ ಅಂಚು ಕಾಣುತ್ತಿತ್ತು. ಅದು ಭಾಗೀರಥಿ, ನಾವು ಕೇಳಲು ಬಂದ ಹುಡುಗಿ.

"ಯಾರು ಬೈಂದ?" ಎಂದರು ಅಜ್ಜಿ.

"ಶಿರಸಿಯ ಪಟದ ಆಚಾರಿ ಬೈಂದ ಆಯಿ. ಜೊತಿಗೆ ಆ ಮಾಣಿಯೂ ಬೈಂದ" ಎಂದರು ಮಗ.

"ಮಾಣಿ ಹೇಳಡ. ಸ್ವಾಮಿಗಳು ಹೇಳು." ಅಜ್ಜಿ ನಾವು ಕೂತಿದ್ದ ಕಡೆ ಮುಖ ತಿರುಗಿಸಿದರು. "ಆಚಾರಿ, ಖರೇ ಹೇಳು. ಮೋರೆ ಕಾಣದ ಹಂಗೆ ಎಂತ ಮಾಡಿದ್ದೆ?"

ಜೋಡಿಸಿಕೊಂಡು ಬಂದ ವಿಲಾಯತಿ ಮಾತೆಲ್ಲ ಬಾಯಿಗೆ ಬರಲೇ ಇಲ್ಲ. ಪಕ್ಕದಲ್ಲಿ ಮಾಬ್ಲ ಭಟ್ಟರು ಕಂಬಳಿಯ ನೂಲು ಕೀಳುತ್ತಿದ್ದರು. ಆಮೇಲೆ ಹುಬ್ಬಳ್ಳಿಯಿಂದ ಬಂದು ಕೇಳಿದವರಿಗೂ ನಾನು ಹೇಳದ ಮಾತದು.

"ಗಾಜಿಗೆ ಮುರುಗಲ ತುಪ್ಪ ಹಚ್ಚಿದೆ ಅಮ್ಮ. ಇವರು ಕೇಳಿದ್ದು ಹೌದು, ಕೈ ನನ್ನದು. ಮೊದಲು ಎರಡು ಸಲ ಹೊಂಡ ಕಾಣುವ ಹಾಗೆ ತೆಗೆದವನೂ ನಾನೇ."

"ಮುರುಗಲ ತುಪ್ಪನಾ?" ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದರು. "ಅದ್ನ ಆನು ಒಡೆದ ಕಾಲಿಗೆ ಹಚ್ಚಿಕೊಳ್ತೆ. ಹಂಗಾರೆ ಇಪ್ಪತ್ತು ದಿನ ಆನು ತಲೆ ಬಗ್ಗಿಸಿದ್ದು ಕಾಲಿನ ಔಷಧಕ್ಕೆ."

ಗಣಪತಿ ಭಟ್ಟರು ಕೆಮ್ಮಿದರು. ನಗು ಬಂದದ್ದೋ ಏನೋ. "ಆದ್ರೂ ಆಯಿ, ಪೂಜೆ ಮಾಡಿದವನ್ನ ಅಳಿಯ ಮಾಡಿಕೊಳ್ಳದು ಹೇಳಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ವೈದಿಕರು ಅವರು, ಊರಿಗೆಲ್ಲ ಶಾಸ್ತ್ರ ಹೇಳುವವರಿಗೆ ಈ ಪ್ರಶ್ನೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಆಗ ಬಾಗಿಲ ಸಂದಿಯಿಂದ ದನಿ ಬಂತು. "ಅಪ್ಪಯ್ಯ, ಧಾರೆಲಿ ಮದುಮಗ ವಿಷ್ಣು ಹೇಳಿ ನೀವೇ ಕಾಲು ತೊಳೆಸ್ತ್ರಲ ಎಲ್ಲರ ಮನೇಲೂ? ಅಮ್ಮಮ್ಮ ಒಂಚೂರು ಮುಂಚೆ ಮಾಡಿದ್ದು, ಅಷ್ಟೇಯ."

ಗಣಪತಿ ಭಟ್ಟರು ತಾಯಿಯ ಮುಖ ನೋಡಿದರು.

"ಕೂಸಿಗೆ ಬಾಯಿ ಬೈಂದು" ಎಂದರು ಅಜ್ಜಿ. "ವಿಷ್ಣು ಆದ್ರೆ ಆಗ್ಲಿ. ಮೋರೆ ಮುಚ್ಚಿದ್ದು ಎಂತಕ್ಕೆ ಹೇಳಿ ನಂಗೆ ಗೊತ್ತಾಗವು. ತಮಾ, ಹತ್ರ ಬಾ."

ಮಾಬ್ಲ ಭಟ್ಟರು ಹೋಗಿ ಎದುರಿಗೆ ಕೂತರು. ಅಜ್ಜಿ ಕೋಲು ಬದಿಗಿಟ್ಟು ಎರಡೂ ಕೈಯಿಂದ ಅವರ ಮುಖ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ಬೆರಳಾಡಿಸತೊಡಗಿದರು. ನಾನು ಎಂಟು ದಿನ ಒದ್ದಾಡಿ ಮುಚ್ಚಿದ್ದನ್ನೆಲ್ಲ ಮುದುಕಿಯ ಬೆರಳು ಒಂದೊಂದಾಗಿ ತೆಗೆಯುತ್ತಿತ್ತು.

"ಇದು ಎಂತದು?"

"ಜಿಲೇಬಿ ಎಣ್ಣೆ. ಬಿಳಗಿ ಬದಿಯ ಮದುವೆದು."

"ಇದು?"

"ವಡೆ. ಮಂಚಿಕೇರಿಲಿ ಉಪನಯನ."

"ಹುಬ್ಬಿನ ಮೇಲಿಂದು?"

"ಅದು ಅಡುಗೆದಲ್ಲ. ಸಣ್ಣಿದ್ದಾಗ ಮರದಿಂದ ಬಿದ್ದಿದ್ದು."

ಬೆರಳು ಕುತ್ತಿಗೆಗೆ ಇಳಿಯಿತು. "ಇಷ್ಟುದ್ದದ್ದು ಎಲ್ಲಿದು ಮಾರಾಯ?"

"ಅದು ಇದೇ ಮನೆದು. ನಿಂಗಳ ದೊಡ್ಡ ಮೊಮ್ಮಗಳ ಮದುವೆಗೆ ಅಡುಗೆಗೆ ಬಂದಿದ್ದೆ. ಸಾರಿನ ಹಂಡೆ ಇಳಿಸಕಾರೆ ಬಟ್ಟೆ ಜಾರಿತ್ತು."

ನನಗೆ ಅವರು ಇದನ್ನು ಹೇಳಿರಲೇ ಇಲ್ಲ. ಗಣಪತಿ ಭಟ್ಟರು ಅವರನ್ನು ದಿಟ್ಟಿಸಿ ನೋಡಿದರು, ಗುರುತು ಹತ್ತಲಿಲ್ಲ. ಮೂರು ದಿನ ತಮ್ಮ ಮನೆಯ ಹಿತ್ತಲಲ್ಲೇ ಇದ್ದ ಮನುಷ್ಯ. ಅಡುಗೆಯವರ ಮುಖ ಯಾರು ನೋಡುತ್ತಾರೆ?

ಅಜ್ಜಿಯ ಕೈ ಅಲ್ಲೇ ನಿಂತಿತು. "ಆ ಸಾರು ನಂಗೆ ನೆನಪಿದ್ದು" ಎಂದರು, ನಿಧಾನವಾಗಿ. "ಉಪ್ಪು ಇಮ್ಮಡಿ ಬಿದ್ದಿತ್ತು. ಬೀಗರು ಎಲೆ ಮುಂದೆ ಕೂತು ಮೋರೆ ಮೋರೆ ನೋಡಿಕೊಂಡ. ಯಾರು ಹಾಕಿದ್ದು ಹೇಳಿ ಆನು ಒಲೆ ಹತ್ರ ಹೋಗಿ ಕೇಳಿದ್ದೆ. ಐದು ಜನ ಇದ್ದಿದ್ದ. ಒಬ್ಬನೂ ಬಾಯಿ ಬಿಟ್ಟಿದ್ನಿಲ್ಲೆ."

ನಾನು ಹಿಂದಿನಿಂದ ಮಾಬ್ಲ ಭಟ್ಟರ ಧೋತರದ ಚುಂಗು ಎಳೆದೆ. ಬೇರೆಯವರ ಮೇಲೆ ಹಾಕಿ, ನೀರಿನವನ ಮೇಲೆ ಹಾಕಿ, ಸತ್ತವರ ಮೇಲೆ ಹಾಕಿ ಎಂಬ ಅರ್ಥದಲ್ಲಿ ಎರಡು ಸಲ ಎಳೆದೆ. ಕ್ಯಾಮರಾದವನ ಬುದ್ಧಿ, ಮುಚ್ಚುವುದೇ ಮೊದಲು ಹೊಳೆಯುತ್ತದೆ.

"ಆನೇ ಹಾಕಿದ್ದು" ಎಂದರು ಅವರು. "ಸುಟ್ಟ ಉರಿಲಿ ಒಂದು ಸಲ ಹಾಕಿದ್ದು ಮರೆತುಹೋತು. ಮತ್ತೊಂದು ಸಲ ಹಾಕಿದೆ. ನಿಂಗ ಕೇಳಿದಾಗ ಹೇಳಲೆ ಧೈರ್ಯ ಬಂಜಿಲ್ಲೆ."

ಅಜ್ಜಿ ಅವರ ಮುಖವನ್ನು ಬಿಟ್ಟರು. ಸೆರಗಿನಿಂದ ಕೈಗೆ ಹತ್ತಿದ ತಲೆಯೆಣ್ಣೆ ಒರೆಸಿಕೊಂಡರು. ಆಗ ಹೋಯಿತು ಎಂದುಕೊಂಡೆ ನಾನು. ಸಾಹೇಬರ ಬಸ್ಸು ವಾಪಸು ಬರುವವರೆಗೆ ಎಲ್ಲಿ ಕಾಯುವುದು ಎಂದು ಯೋಚಿಸತೊಡಗಿದ್ದೆ.

"ಎಂಟು ವರ್ಷ ಆತು" ಎಂದರು ಅಜ್ಜಿ. "ಎಂಟು ವರ್ಷದಿಂದ ಆ ಉಪ್ಪು ಯಾರದ್ದು ಹೇಳಿ ಆನು ಕೇಳದ ಮನುಷ್ಯ ಇಲ್ಲೆ. ಪಟ ಸುಳ್ಳು ಹೇಳಿತ್ತು. ಮಾಣಿ ಸುಳ್ಳು ಹೇಳಿದ್ನಿಲ್ಲೆ." ಮಗನ ಕಡೆ ತಿರುಗಿದರು. "ಗಣಪತೀ, ಕೂಸನ್ನ ಕೇಳು."

"ಕೇಳದು ಎಂತ?" ಎಂದಿತು ಬಾಗಿಲ ಸಂದಿ. "ಅವತ್ತು ಆ ಗಾಯಕ್ಕೆ ಜೇನುತುಪ್ಪ ತಂದು ಕೊಟ್ಟಿದ್ದು ಆನೇಯ. ಪಟ ನೋಡಿ ಗುರುತು ಸಿಕ್ಕಿದ್ದಿಲ್ಲೆ. ಈಗ ಸಿಕ್ಚು."

ಮಾಬ್ಲ ಭಟ್ಟರ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಮಗುಟ ಹೊದಿಸಿ ನಾನು ಮುಚ್ಚಿಟ್ಟದ್ದು ಅದನ್ನೇ.

ಮದುವೆ ಆ ಬೇಸಗೆಯಲ್ಲೇ ಆಯಿತು. ಧಾರೆಯ ಹೊತ್ತಿಗೆ ಮದುಮಗ ಕಾಣದೆ ಹುಡುಕಾಟವಾಗಿ, ಹಿತ್ತಲಲ್ಲಿ ಹೊಸ ಅಡುಗೆಯವನಿಗೆ ಪಾಕದ ಎಳೆ ತೋರಿಸುತ್ತ ನಿಂತಿದ್ದವರನ್ನು ಖಾದರ್ ಸಾಹೇಬರೇ ಕರೆದು ತಂದರು. ನನ್ನ ಫೋಟೋವನ್ನು ಮಾತ್ರ ಅಜ್ಜಿ ದೇವರ ಕೋಣೆಯಿಂದ ತೆಗೆಯಗೊಡಲಿಲ್ಲ. ಒಮ್ಮೆ ಹೂವು ಏರಿಸಿದ್ದನ್ನು ಕೆಳಗಿಳಿಸುವಂತಿಲ್ಲವಂತೆ. ಗಣಪತಿ ಭಟ್ಟರು ಶಾಸ್ತ್ರ ನೋಡಿ ಹೇಳುತ್ತೇನೆ ಎಂದರು. ಕೊನೆಯವರೆಗೂ ನೋಡುತ್ತಲೇ ಇದ್ದರು, ನನಗೆ ತಿಳಿದ ಮಟ್ಟಿಗೆ.

ನಾಲ್ಕಾರು ತಿಂಗಳ ಮೇಲೆ ಗಂಡ ಹೆಂಡತಿ ಉಮ್ಮಚಗಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಶಿರಸಿಯಲ್ಲಿ ಇಳಿದು, ಜೋಡಿ ಫೋಟೋ ತೆಗೆಸಲು ನನ್ನ ಹತ್ತಿರ ಬಂದರು. ಇದ್ದದ್ದು ಇದ್ದ ಹಾಗೆ ತೆಗೆ ಎಂದು ಮಾಬ್ಲ ಭಟ್ಟರೇ ಹೇಳಿದರು. ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂಡಿಸಿ, ಕಪ್ಪು ಬಟ್ಟೆಯೊಳಗೆ ಹೋಗಿ ಸರಿಮಾಡಿ, ಹೊರಗೆ ಬಂದು ಲೆನ್ಸಿನ ಟೋಪಿಗೆ ಕೈ ಹಾಕಿದೆ. ಅವರಿಗೆ ಸುಮ್ಮನೆ ಕೂರಲಾಗಲಿಲ್ಲ.

"ಮಾವನ ಮನೆಗೆ ಹೋದ್ರೆ ನನ್ನ ಅವಸ್ಥೆ ಕೇಳಡ ಆಚಾರಿ. ಮೊದಲು ದೇವರಿಗೆ ನಮಸ್ಕಾರ ಮಾಡವು ಹೇಳ್ತ. ಬಗ್ಗಿದ್ರೆ ಎದುರಿಗೆ ಆನೇ ಕೂತಿದ್ದೆ. ನನ್ನ ಹತ್ರ ಆನು ಎಂತ ಬೇಡಿಕೊಳ್ಳದು? ಇವಳು ಪಕ್ಕದಲ್ಲಿ ಕಣ್ಣು ಮುಚ್ಚಿ ಅದೆಷ್ಟೋ ಹೊತ್ತು ಬೇಡಿಕೊಳ್ತು. ಎಂತ ಕೇಳಿದ್ದೆ ಹೇಳಿ ದಾರಿಯುದ್ದ ಕೇಳಿದೆ. ಬಾಯೇ ಬಿಡ್ತಿಲ್ಲೆ."

"ಅಲ್ಲಾಡಬೇಡಿ" ಎಂದು ನಾನು ಟೋಪಿ ತೆಗೆದೆ. ಒಂದು, ಎರಡು.

ಭಾಗೀರಥಮ್ಮ ನೆಟ್ಟಗೆ ಲೆನ್ಸನ್ನೇ ನೋಡುತ್ತ, ತುಟಿ ಕದಲಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಅಂದರು: "ಆನು ಕೇಳಿದ್ದು ಆ ಸ್ವಾಮಿಗಳ ಹತ್ರ. ನಿಂಗಕ್ಕೆ ಎಂತಕ್ಕೆ?"

ಮಾಬ್ಲ ಭಟ್ಟರು ಗಕ್ಕನೆ ಹೆಂಡತಿಯ ಕಡೆ ತಿರುಗಿದರು. ನಾಲ್ಕು ಎಣಿಸಿ ಟೋಪಿ ಮುಚ್ಚಿದೆ. ಫಿಲ್ಮು ತೊಳೆದು ಬೆಳಕಿಗೆ ಹಿಡಿದಾಗ ಹೆಂಡತಿ ಸೂಜಿಯ ಮೊನೆಯಷ್ಟು ಸ್ಪಷ್ಟವಾಗಿದ್ದರು. ಪಕ್ಕದಲ್ಲಿ ಗಂಡ ಹಬೆಯಾಗಿ ಹೋಗಿದ್ದರು. ಆ ಸಲ ಗಾಜಿಗೆ ನಾನು ಏನೂ ಹಚ್ಚಿರಲಿಲ್ಲ.